ಕುದುರೆ ಯಾರದು, ಹುಲ್ಲು ಯಾರದು

2021ರ ಸೆಪ್ಟೆಂಬರ್ 19ರಂದು ಅಮೆರಿಕದ ಟೆಕ್ಸಸ್ ರಾಜ್ಯದ ಡೆಲ್ ರಿಯೊ ಎಂಬ ಊರಿನ ಹತ್ತಿರ, ರಿಯೊ ಗ್ರಾಂಡೆ ನದಿಯ ದಂಡೆಯಲ್ಲಿ ತೆಗೆದ ಒಂದು ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕುದುರೆಯ ಮೇಲೆ ಕೂತ ಗಡಿ ಕಾವಲಿನವನೊಬ್ಬ ಪಕ್ಕಕ್ಕೆ ಬಾಗಿ, ಹೈಟಿ ದೇಶದ ಮನುಷ್ಯನೊಬ್ಬನ ಅಂಗಿ ಹಿಡಿದು ಎಳೆಯುತ್ತಿದ್ದಾನೆ. ಆ ಮನುಷ್ಯನ ಕೈಯಲ್ಲಿ ಊಟದ ಚೀಲಗಳಿವೆ. ಲಗಾಮಿನ ಉದ್ದನೆಯ ತುದಿ ಗಾಳಿಯಲ್ಲಿ ಬಳುಕುತ್ತಿದೆ. ಎಎಫ್‌ಪಿ ಸುದ್ದಿಸಂಸ್ಥೆಗಾಗಿ ಪಾಲ್ ರಾಟ್ಜೆ ತೆಗೆದ ಚಿತ್ರ ಅದು. ಆ ದಿನಗಳಲ್ಲಿ ಅಲ್ಲಿನ ಸೇತುವೆಯ ಕೆಳಗೆ ಸುಮಾರು 15 ಸಾವಿರ ಜನ ಬೀಡುಬಿಟ್ಟಿದ್ದರು; ತಿನ್ನಲು ತರಬೇಕೆಂದರೆ ನದಿ ದಾಟಿ ಆಚೆಗೆ ಹೋಗಿ ಮತ್ತೆ ಈಚೆಗೆ ಬರಬೇಕಿತ್ತು.

ಆಮೇಲೆ ನಡೆದ ಜಗಳವೆಲ್ಲ ಆ ಚರ್ಮದ ಪಟ್ಟಿಯ ಸುತ್ತ. ಅದು ಚಾಟಿಯೋ, ಲಗಾಮೋ? ಚಾಟಿ ಎಂದವರಿಗೆ ಗುಲಾಮಗಿರಿಯ ಕಾಲ ನೆನಪಾಯಿತು. ಲಗಾಮು ಎಂದವರಿಗೆ ಅವತ್ತಿನ ಕರ್ತವ್ಯ ಮುಗಿದ ಮಾತಾಯಿತು. ಆ ಜನ ಬೆಲೆ ತೆತ್ತೇ ತೆರುತ್ತಾರೆ ಎಂದು ಅಧ್ಯಕ್ಷ ಬೈಡನ್ ಮಾತು ಕೊಟ್ಟರು. 2022ರ ಜುಲೈನಲ್ಲಿ 511 ಪುಟಗಳ ತನಿಖಾ ವರದಿ ಬಂತು. ಲಗಾಮಿನಿಂದ ಯಾರಿಗೂ ಹೊಡೆದದ್ದಕ್ಕೆ ಪುರಾವೆ ಇಲ್ಲ. ಆದರೆ ಅಗತ್ಯವಿಲ್ಲದ ಬಲಪ್ರಯೋಗ ಆಗಿದೆ, ಒಬ್ಬ ಅವರ ದೇಶದ ಹೆಸರೆತ್ತಿ ಹೀಯಾಳಿಸಿದ್ದಾನೆ, ಒಂದು ಮಗುವಿಗೆ ಅಪಾಯವಾಗುವಷ್ಟು ಹತ್ತಿರಕ್ಕೆ ಕುದುರೆಯನ್ನು ತರಲಾಗಿದೆ ಎಂದು ಅದು ಹೇಳಿತು.

ನನಗೆ ಈ ಕಡೆಯ ಮಾತು ಮುಖ್ಯ. ಚಾಟಿ ಇರಲಿ ಬಿಡಲಿ, ಅಲ್ಲಿ ಕುದುರೆಯೇ ಆಯುಧ. ನಾಲ್ಕೈದು ಕ್ವಿಂಟಾಲ್ ತೂಕದ ಪ್ರಾಣಿ ನೀರಿನಲ್ಲಿ ನಿಂತವನ ಮೇಲೆ ಬಂದರೆ ಅವನಿಗೆ ಬೇರೆ ಏಟು ಬೇಕಿಲ್ಲ. ಆದರೆ ಕುದುರೆಗೆ ಒಂದು ವಿಚಿತ್ರ ಗುಣವಿದೆ. ಲಾಠಿ ತಾನಾಗಿ ಬೀಸುವುದಿಲ್ಲ, ಬಂದೂಕು ತಾನಾಗಿ ಸಿಡಿಯುವುದಿಲ್ಲ. ಕುದುರೆ ಮಾತ್ರ ತಾನಾಗಿ ನಾಲ್ಕು ಹೆಜ್ಜೆ ಇಡಬಲ್ಲದು. ಹಾಗಾಗಿ ಅದರ ಮೇಲಿರುವವನಿಗೆ ಒಂದು ಮಾತು ಯಾವಾಗಲೂ ಕೈಗೆ ಸಿಗುವಂತಿರುತ್ತದೆ: ಕುದುರೆ ಬೆದರಿತು, ನಾನೇನು ಮಾಡಲಿ.

ಈ ಮಾತು ಹೊಸದಲ್ಲ. ದೇವನೂರಿನ ಲಕ್ಷ್ಮೀಶ ಬರೆದ ಜೈಮಿನಿ ಭಾರತದ ಕಥೆ ಪೂರ್ತಿ ನಡೆಯುವುದೇ ಒಂದು ಕುದುರೆಯ ಹಿಂದೆ. ಧರ್ಮರಾಯನ ಅಶ್ವಮೇಧದ ಕುದುರೆ ತನಗೆ ತೋಚಿದ ಕಡೆ ಹೋಗುತ್ತದೆ. ಅರ್ಜುನನ ಸೇನೆ ಹಿಂದೆ ಬರುತ್ತದೆ. ಕುದುರೆ ಕಾಲಿಟ್ಟ ನೆಲದವರು ಕಪ್ಪ ಕೊಡಬೇಕು, ಇಲ್ಲ ಕಟ್ಟಿಹಾಕಿ ಕಾದಬೇಕು. ಸುಧನ್ವನ ಊರಿಗೆ, ಪ್ರಮೀಳೆಯ ಹೆಣ್ಣು ರಾಜ್ಯಕ್ಕೆ, ಮಗ ಬಭ್ರುವಾಹನನ ಮಣಿಪುರಕ್ಕೆ ಅರ್ಜುನ ತಾನಾಗಿ ದಂಡೆತ್ತಿ ಹೋದನೆಂದು ಹೇಳುವಂತಿಲ್ಲ, ಕುದುರೆ ಹೋಯಿತು. ಆಕ್ರಮಣಕ್ಕೆ ಇದಕ್ಕಿಂತ ನಯವಾದ ನೆಪವನ್ನು ಮನುಷ್ಯ ಕಂಡುಹಿಡಿದಿದ್ದಾನೆಯೇ ಎಂದು ನನಗೆ ಅನುಮಾನ. ಹುಲ್ಲು ಹುಡುಕಿಕೊಂಡು ಹೋಗುವ ಪ್ರಾಣಿ ರಾಜ್ಯದ ಗಡಿ ಬರೆಯುತ್ತದೆ, ಬರೆದದ್ದಕ್ಕೆ ಯಾರೂ ಹೊಣೆಯಲ್ಲ.

ಇದರ ತಿರುವುಮುರುವು ನಮ್ಮ ಕಾಲದಲ್ಲೇ ನಡೆಯಿತು. 2016ರ ಮಾರ್ಚ್ 14ರಂದು ಡೆಹ್ರಾಡೂನಿನಲ್ಲಿ ರಾಜಕೀಯ ಪಕ್ಷವೊಂದರ ಪ್ರತಿಭಟನೆಯ ವೇಳೆ ಉತ್ತರಾಖಂಡ ಪೊಲೀಸರ ಶಕ್ತಿಮಾನ್ ಎಂಬ ಕುದುರೆಯ ಕಾಲು ಮುರಿಯಿತು. ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರೂ ಏಪ್ರಿಲ್ 20ರಂದು ಅದು ಸತ್ತಿತು. ದೇಶಕ್ಕೆ ದೇಶವೇ ಮರುಗಿತು, ಮರುಗಬೇಕಾದದ್ದೇ. ಆದರೆ ಗುಂಪು ಚದುರಿಸಲು ಒಂದು ಸಾಧು ಪ್ರಾಣಿಯನ್ನು ಜನರ ನಡುವೆ ನುಗ್ಗಿಸುವುದು ಸರಿಯೇ ಎಂಬ ಪ್ರಶ್ನೆ ಆ ಮರುಕದಲ್ಲಿ ಮುಳುಗಿಹೋಯಿತು. ಕುದುರೆ ತಪ್ಪಿಗೂ ಗುರಾಣಿ, ಪ್ರಶ್ನೆಗೂ ಗುರಾಣಿ.

ಗಡಿ ಕಾಯಲು ಈಗಲೂ ಕುದುರೆ ಏಕೆ ಬೇಕು ಎಂದು ಕೇಳಿದರೆ ಉತ್ತರ ಸರಳ. ಬಂಡೆ, ಕೊರಕಲು, ಮುಳ್ಳುಪೊದೆಗಳ ನೆಲದಲ್ಲಿ ಜೀಪು ನಿಂತುಬಿಡುತ್ತದೆ. ಕುದುರೆಗೆ ಪೆಟ್ರೋಲು ಬೇಡ, ಅದು ಸದ್ದು ಮಾಡುವುದಿಲ್ಲ, ರಾತ್ರಿ ಕಣ್ಣು ಕಾಣುತ್ತದೆ. ಅದರ ಕಿವಿ ಒಂದೊಂದೂ ಬೇರೆಬೇರೆ ದಿಕ್ಕಿಗೆ ತಿರುಗುತ್ತದೆ; ಪೊದೆಯ ಹಿಂದೆ ಯಾರೋ ಇದ್ದಾರೆಂಬುದು ಸವಾರನಿಗೆ ಗೊತ್ತಾಗುವ ಮೊದಲು ಕುದುರೆಯ ಕಿವಿಗೆ ಗೊತ್ತಾಗುತ್ತದೆ. ಮೇಲೆ ಕೂತವನ ಕಣ್ಣು ನೆಲದಿಂದ ಎಂಟಡಿಯಷ್ಟು ಎತ್ತರದಲ್ಲಿರುವುದರಿಂದ ದೂರದವರೆಗೆ ಹೆಜ್ಜೆ ಗುರುತು ಓದಬಹುದು. ಥಾರ್ ಮರುಭೂಮಿಯಲ್ಲಿ ನಮ್ಮ ಗಡಿ ಭದ್ರತಾ ಪಡೆ ಒಂಟೆ ಬಳಸುವುದಕ್ಕೂ ಇಂಥವೇ ಕಾರಣ. ನಾನಿರುವ ಸಿಂಗಾಪುರದಿಂದ (ವಿಮಾನ ಹತ್ತಿ ಹೋಗುವ ಸಿಂಗಾಪುರ ಅಲ್ಲ, ಎಂ.ಎಸ್. ಪಾಳ್ಯದ ಪಕ್ಕದ್ದು) ಯಲಹಂಕದ ಕಡೆ ಸ್ವಲ್ಪ ದೂರ ಹೋದರೆ ಆ ಪಡೆಯ ತರಬೇತಿ ಕೇಂದ್ರವೇ ಇದೆ. ಗಡಿಯೇ ಇಲ್ಲದ ಊರಿನಲ್ಲಿ ಗಡಿ ಕಾಯುವುದನ್ನು ಕಲಿಸುತ್ತಾರೆ. ಅದರಲ್ಲಿ ವಿಶೇಷವೇನಿಲ್ಲ, ಈಜು ಬಾವಿಯಲ್ಲಿ ಕಲಿತು ಹೊಳೆಗೆ ಹೋಗುವುದಿಲ್ಲವೇ.

ಇಲ್ಲಿಂದ ನನ್ನ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ಗಡಿ ಕಾವಲು ಪಡೆ ಹುಟ್ಟಿದ್ದು 1924ರ ಮೇ 28ರಂದು. ಅದಕ್ಕೂ ಮುಂಚೆ, 1904ರಿಂದ, ಎಲ್ ಪಾಸೊ ಊರಿನಿಂದ ಹೊರಟ ಬೆರಳೆಣಿಕೆಯ ಸವಾರರು ಮೆಕ್ಸಿಕೊ ಗಡಿಯುದ್ದಕ್ಕೂ ಅಲೆಯುತ್ತಿದ್ದರು. ಅವರು ಹುಡುಕುತ್ತಿದ್ದದ್ದು ಮುಖ್ಯವಾಗಿ ಚೀನೀಯರನ್ನು, ಏಕೆಂದರೆ 1882ರ ಕಾಯ್ದೆ ಚೀನಾದ ಕೂಲಿಗಳಿಗೆ ಬಾಗಿಲು ಮುಚ್ಚಿತ್ತು. 1924ರಲ್ಲಿ ಸೇರಿದವರಿಗೆ ಸರ್ಕಾರ ಬ್ಯಾಡ್ಜು ಮತ್ತು ರಿವಾಲ್ವರ್ ಕೊಟ್ಟಿತು. ಕುದುರೆ ಮತ್ತು ಜೀನು ಅವರೇ ತರಬೇಕು. ಕುದುರೆಯ ಮೇವನ್ನು ವಾಷಿಂಗ್ಟನ್ ಕಳಿಸುತ್ತಿತ್ತು. ಸಂಬಳ ವರ್ಷಕ್ಕೆ 1,680 ಡಾಲರ್.

ಕುದುರೆ ಅವರದು, ಮೇವು ಸರ್ಕಾರದ್ದು. ಇದನ್ನು ಓದಿದಾಗ ಮೈಸೂರಿನ ಚರಿತ್ರೆ ಬಲ್ಲವರಿಗೆ ಥಟ್ಟನೆ ಹೊಳೆಯುವ ಪದ ಸಿಲ್ಲೇದಾರ. ಸ್ವಂತ ಕುದುರೆ, ಸ್ವಂತ ಆಯುಧ ತಂದು ದೊರೆಯ ಚಾಕರಿಗೆ ನಿಂತವನು ಸಿಲ್ಲೇದಾರ. ಬೇರೆಯವರ ಕುದುರೆ ಹತ್ತಿದವನು ಬಾರಗೀರ. ಹೈದರ್, ಟಿಪ್ಪು ಕಾಲದಲ್ಲೂ ಸಿಲ್ಲೇದಾರರಿದ್ದರು. 1807ರ ಒಪ್ಪಂದದಂತೆ ಮೈಸೂರು ಕಂಪನಿಯ ನೆರವಿಗೆಂದು 4,000 ಸವಾರರನ್ನು ಸಾಕಬೇಕಾಯಿತು. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೆ ಯುದ್ಧಗಳು ಮುಗಿದಿದ್ದವು, ಸವಾರರು ಉಳಿದಿದ್ದರು. ಖಜಾನೆಯ ಹಣಕ್ಕೆ ಬೆಂಗಾವಲು, ದಾರಿ ಕಾವಲು, ಕಳ್ಳರ ಬೆನ್ನಟ್ಟುವುದು, ಹೀಗೆ ಪೊಲೀಸರ ಕೆಲಸ ಅವರ ಪಾಲಿಗೆ ಬಂತು. 1892ರಲ್ಲಿ ಮೈಸೂರು ಲ್ಯಾನ್ಸರ್ಸ್ ಕಟ್ಟಿದಾಗಲೂ ಬೇರು ಅಲ್ಲಿನದೇ. ಜೆ.ಸಿ. ನಗರದಲ್ಲಿ ಹೈಫಾ ಯುದ್ಧದಲ್ಲಿ ಮಡಿದವರ ಸ್ಮಾರಕವಿದೆಯಲ್ಲ, ಬಸ್ಸಿನಲ್ಲಿ ಅದನ್ನು ದಾಟಿ ಹೋಗುವವರಲ್ಲಿ ಎಷ್ಟು ಜನ ತಿರುಗಿ ನೋಡುತ್ತಾರೋ.

ಸಿಲ್ಲೇದಾರರ ಬಗ್ಗೆ ಸೇನಾಧಿಕಾರಿಗಳದ್ದು ಒಂದೇ ದೂರು: ಅವರು ಮೈಮೇಲೆ ಬಿದ್ದು ಕಾದುವುದಿಲ್ಲ. ಕಾರಣ ಹೇಡಿತನ ಅಲ್ಲ. ಕುದುರೆ ಸತ್ತರೆ ಹೋಗುವುದು ಸವಾರನ ಆಸ್ತಿ, ಅದರ ಜೊತೆಗೆ ಅವನ ನೌಕರಿ. ಸಿಲ್ಲೇದಾರ ಒಂದೇ ಮಧ್ಯಾಹ್ನದಲ್ಲಿ ಬಾರಗೀರನಾಗಿ ಇಳಿಯುತ್ತಾನೆ, ಇಲ್ಲವೇ ಊರಿಗೆ ನಡೆದುಕೊಂಡು ಹೋಗುತ್ತಾನೆ. ಆದ್ದರಿಂದ ಅವನು ಈಟಿಗಳ ಸಾಲಿಗೆ ಕುದುರೆ ನುಗ್ಗಿಸುವ ಮೊದಲು ಯೋಚಿಸುತ್ತಿದ್ದ. ಯುದ್ಧಕ್ಕೆ ಇದು ದೋಷ. ಪೊಲೀಸನಿಗೆ? ಬಲ ಬಳಸುವ ಮೊದಲು ಕ್ಷಣಕಾಲ ತಡೆಯುವ ಮನುಷ್ಯ ಪೊಲೀಸರಲ್ಲಿ ದೋಷವೋ ಗುಣವೋ?

ಇಮ್ಯಾನ್ಯುಯೆಲ್ ಕಾಂಟ್ ಇದನ್ನು ಗುಣವೆಂದು ಒಪ್ಪುತ್ತಿರಲಿಲ್ಲ. 1785ರ ಪುಸ್ತಕದಲ್ಲಿ ಅವನು ಒಬ್ಬ ಅಂಗಡಿಯವನ ಉದಾಹರಣೆ ಕೊಡುತ್ತಾನೆ. ಅವನು ಮಕ್ಕಳಿಗೂ ಮೋಸವಿಲ್ಲದೆ ಸರಿಯಾದ ಬೆಲೆಗೆ ಮಾರುತ್ತಾನೆ, ಆದರೆ ವ್ಯಾಪಾರ ಕೆಡಬಾರದೆಂದು. ಮಾಡಿದ್ದು ಸರಿ, ಆದರೆ ಅದರಲ್ಲಿ ನೈತಿಕ ಬೆಲೆ ಇಲ್ಲ. ಹಾಗೆಯೇ ಸಿಲ್ಲೇದಾರ ತಡೆದದ್ದು ಎದುರಿಗಿರುವವನ ಮೇಲಿನ ಕರುಣೆಯಿಂದಲ್ಲ, ಕುದುರೆಯ ಕಾಲು ಮುರಿದೀತೆಂದು.

ಈ ವಾದಕ್ಕೆ ನನ್ನ ಒಪ್ಪಿಗೆ ಅರ್ಧ. ಕಾಂಟ್ ಅಂಗಡಿಯವನ ಆತ್ಮವನ್ನು ತೂಗುತ್ತಿದ್ದಾನೆ, ನಿಜ, ಅಲ್ಲಿ ತಕ್ಕಡಿ ಬೇರೆ. ಆದರೆ ನದಿಯಲ್ಲಿ ನಿಂತು ಊಟದ ಚೀಲ ಎತ್ತಿ ಹಿಡಿದವನಿಗೆ ಸವಾರನ ಆತ್ಮ ತಗೊಂಡು ಏನಾಗಬೇಕು? ಅವನಿಗೆ ಬೇಕಾದದ್ದು ಕುದುರೆ ಎರಡು ಮಾರು ದೂರ ನಿಲ್ಲುವುದು. ರಾಜ್ಯದ ಬಲವನ್ನು ಕೈಯಲ್ಲಿ ಹಿಡಿದವರ ವಿಷಯದಲ್ಲಿ ಒಳ್ಳೆಯತನಕ್ಕಾಗಿ ಕಾಯುವುದಕ್ಕಿಂತ, ಒಳ್ಳೆಯತನ ಇಲ್ಲದಿದ್ದರೂ ಕೈ ತಡೆಯುವಂಥ ಏರ್ಪಾಡು ಮಾಡುವುದು ಹೆಚ್ಚು ಪ್ರಾಮಾಣಿಕವೆಂದು ನನಗನ್ನಿಸುತ್ತದೆ. ಕರುಣಾಳುಗಳೂ ದಣಿಯುತ್ತಾರೆ. ದಣಿದ ದಿನವೇ ಗಡಿಯಲ್ಲಿ ಜನ ಹೆಚ್ಚಿರುತ್ತದೆ.

ಇಂದಿನ ಡೆಲ್ ರಿಯೊ ಸವಾರ ಬಾರಗೀರ. ಅಮೆರಿಕದ ಗಡಿ ಪಡೆ ಬಳಸುವ ಕುದುರೆಗಳಲ್ಲಿ ಕೆಲವು ಸರ್ಕಾರಿ ಬಯಲುಗಳಲ್ಲಿ ಹಿಡಿದ ಮಸ್ಟಾಂಗ್ ಎಂಬ ಕಾಡುಕುದುರೆಗಳು. ಅವನ್ನು ಪಳಗಿಸುವವರು ಕೊಲೊರಾಡೊ, ಕನ್ಸಾಸ್ ರಾಜ್ಯಗಳ ಸೆರೆಮನೆಗಳ ಕೈದಿಗಳು. ಬೇಲಿಯಿಲ್ಲದೆ ಹುಟ್ಟಿದ ಪ್ರಾಣಿಯನ್ನು ಗೋಡೆಯೊಳಗಿರುವ ಮನುಷ್ಯ ಪಳಗಿಸಿ, ಗಡಿ ದಾಟುವವರನ್ನು ತಡೆಯಲು ಕಳಿಸಿಕೊಡುತ್ತಾನೆ. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಕೈದಿ ಮತ್ತು ಕುದುರೆಯ ನಡುವೆ ತಿಂಗಳುಗಳ ಒಡನಾಟವಿರುತ್ತದೆ. ಸವಾರನ ಕೈಗೆ ಬರುವಾಗ ಅದು ಇಲಾಖೆಯ ಸಾಮಾನು, ಕಾಲು ಮುರಿದರೆ ಇನ್ನೊಂದು ಬರುತ್ತದೆ.

ಹಾಗಾದರೆ ಎಲ್ಲ ಕಾವಲಿನವರೂ ತಮ್ಮ ಕುದುರೆ ತಾವೇ ತರಲಿ ಎಂದರೆ ಮುಗಿಯಿತೇ? ಇಲ್ಲಿ ಪಿಂಡಾರಿಗಳು ಅಡ್ಡ ಬರುತ್ತಾರೆ. ಪಿಂಡಾರಿಯೂ ಸ್ವಂತ ಕುದುರೆಯ ಸವಾರನೇ. ಸಂಬಳ ಮಾತ್ರ ಇಲ್ಲ, ಕೊಳ್ಳೆಯೇ ಸಂಬಳ. 1817-18ರಲ್ಲಿ ಪಿಂಡಾರಿಗಳ ವಿರುದ್ಧ ನಡೆದ ಯುದ್ಧಕ್ಕೆ ಮೈಸೂರಿನ ಸಿಲ್ಲೇದಾರರೂ ಹೋಗಿದ್ದರು. ದೂರದಿಂದ ಧೂಳು ನೋಡಿದ ಹಳ್ಳಿಯವನಿಗೆ ಬರುತ್ತಿರುವುದು ಇವರೋ ಅವರೋ ತಿಳಿಯುತ್ತಿತ್ತೆಂದು ನಾನು ನಂಬಲಾರೆ. ಇಬ್ಬರ ಕುದುರೆಯೂ ಸ್ವಂತದ್ದು. ವ್ಯತ್ಯಾಸ ಇದ್ದದ್ದು ಮೇವಿನಲ್ಲಿ. ಸಿಲ್ಲೇದಾರನ ಹುಲ್ಲು ಸಂಬಳದಿಂದ ಬರಬೇಕು, ಪಿಂಡಾರಿಯ ಹುಲ್ಲು ರೈತನ ಬಣವೆಯಿಂದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸೈನ್ಯದ ಸಂಬಳ ಬಾಕಿ ಬಿದ್ದದ್ದು ಗೊತ್ತಿರುವ ವಿಷಯ. ಸಂಬಳ ಬಾರದ ತಿಂಗಳು ಕುದುರೆ ಉಪವಾಸ ಇರುವುದಿಲ್ಲ. ಆ ತಿಂಗಳು ಬಣವೆ ಕರಗುತ್ತದೆ, ಸಿಲ್ಲೇದಾರ ಅಷ್ಟರಮಟ್ಟಿಗೆ ಪಿಂಡಾರಿಯಾಗುತ್ತಾನೆ. 1924ರ ಅಮೆರಿಕದವರು ಕುದುರೆ ಕೊಡದೆ ಮೇವು ಮಾತ್ರ ಕೊಟ್ಟರಲ್ಲ, ತಿಳಿದೋ ತಿಳಿಯದೆಯೋ ಅವರು ಸರಿಯಾದ ತುದಿಯನ್ನೇ ಹಿಡಿದಿದ್ದರು.

ಇದಕ್ಕಿಂತ ಕಠಿಣವಾದ ಆಕ್ಷೇಪ ನಮ್ಮ ಕಾಡಿನಲ್ಲೇ ಇದೆ. ಕರ್ನಾಟಕದಲ್ಲಿ ದುರ್ಗಮ ಗಡಿನಾಡು ಎಂದರೆ ಮಲೆ ಮಹದೇಶ್ವರ ಬೆಟ್ಟದ ಸೀಮೆ, ಪಾಲಾರ್ ಹಳ್ಳದ ಆಚೆ ತಮಿಳುನಾಡು. ಅಲ್ಲಿ ಕುದುರೆ ಪೊಲೀಸರು ಇರಲಿಲ್ಲ; ಮಾದಪ್ಪನ ವಾಹನವೂ ಹುಲಿಯೇ. ವೀರಪ್ಪನ್ ಬೇಟೆಗೆ ಹೋದ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಯವರು ಜೀಪಿನಲ್ಲಿ, ಬಸ್ಸಿನಲ್ಲಿ, ಬಹುಪಾಲು ಕಾಲ್ನಡಿಗೆಯಲ್ಲಿ ಅಲೆದರು. ಬಲ ಬಳಸುವವನು ಅದರ ಬೆಲೆ ತಾನೇ ತೆತ್ತರೆ ತಡೆಯುತ್ತಾನೆ ಎಂಬುದು ನನ್ನ ವಾದವಾದರೆ, ಅಲ್ಲಿ ಪೊಲೀಸರು ತೆತ್ತ ಬೆಲೆ ಸಣ್ಣದಲ್ಲ. 1992ರ ಆಗಸ್ಟ್‌ನಲ್ಲಿ ಎಸ್ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಸಂಗಡಿಗರು ಮೀಣ್ಯಂ ಹತ್ತಿರ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಕುದುರೆಯಲ್ಲ, ಪ್ರಾಣವನ್ನೇ ಕಳೆದುಕೊಂಡವರು ಇವರು.

ಆದರೂ ಕೈ ತಡೆಯಲಿಲ್ಲ. ಆ ಹಳ್ಳಿಗಳ ಜನ, ಸೋಲಿಗರು, ಹೆಂಗಸರು ಸೇರಿದಂತೆ, ಹಿಂಸೆ, ಅಕ್ರಮ ಬಂಧನ, ಅತ್ಯಾಚಾರಗಳ ದೂರು ಕೊಟ್ಟರು. ಟಾಡಾ ಕಾಯ್ದೆಯಡಿ ಎಷ್ಟೋ ಮಂದಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ಕಳಿಸಿತು. 2007ರ ಜನವರಿಯಲ್ಲಿ 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಎರಡೂ ಸರ್ಕಾರಗಳಿಗೆ ಹೇಳಿತು.

ಹಾಗಾದರೆ ಬೆಲೆ ತೆರುವುದರಿಂದ ಸಂಯಮ ಬರುವುದಿಲ್ಲವೇ? ನಾನು ಇದನ್ನು ಬಹಳ ದಿನ ತಿರುಗಿಸಿ ನೋಡಿದ್ದೇನೆ. ಸಿಲ್ಲೇದಾರನ ನಷ್ಟಕ್ಕೂ ಕಾರ್ಯಪಡೆಯ ನಷ್ಟಕ್ಕೂ ಇರುವ ಅಂತರ ಗಾತ್ರದ್ದಲ್ಲ. ಸಿಲ್ಲೇದಾರನ ನಷ್ಟ ಅವನು ಮಾಡಲಿರುವ ಕೆಲಸಕ್ಕೇ ಅಂಟಿಕೊಂಡಿದೆ. ಈಗ ನಾನು ಹೀಗೆ ನುಗ್ಗಿದರೆ, ಈ ಕುದುರೆಯ ಈ ಕಾಲು. ಮೀಣ್ಯಂನಲ್ಲಿ ಸತ್ತವರ ನಷ್ಟ ಹಾಗಲ್ಲ. ಅದು ನಡೆದುಹೋದದ್ದು, ಬೇರೆಯವನು ಮಾಡಿದ್ದು, ಉಳಿದವರ ಎದೆಯಲ್ಲಿ ಬಾಕಿ ಲೆಕ್ಕವಾಗಿ ಕೂತದ್ದು. ಬಾಕಿಯನ್ನು ಮನುಷ್ಯ ವಸೂಲಿ ಮಾಡಲು ಹೊರಡುತ್ತಾನೆ, ಸಾಲಗಾರ ಸಿಗದಿದ್ದರೆ ಅವನ ಊರಿನವರಿಂದ. ಮುಂದೆ ಕಾಣುವ ನಷ್ಟ ಕೈ ಹಿಡಿಯುತ್ತದೆ, ಹಿಂದೆ ಬಿದ್ದ ನಷ್ಟ ಕೈ ಬಿಚ್ಚುತ್ತದೆ. ಹುತಾತ್ಮರ ಹೆಸರಿನಲ್ಲಿ ಹೆಚ್ಚು ಅಧಿಕಾರ ಕೇಳುವ ಮಾತನ್ನು ಯಾವ ದೇಶದ ಗಡಿಯಲ್ಲಿ ಕೇಳಿದರೂ ನನಗೆ ಪಾಲಾರ್ ನೆನಪಾಗುವುದು ಇದಕ್ಕೇ. ಸತ್ತವರಿಗೆ ಗೌರವ ಸಲ್ಲಬೇಕು. ಅವರ ಸಾವು ಬದುಕಿರುವ ಬೇರೆ ಯಾರದೋ ಮೈಮೇಲೆ ಪರವಾನಗಿ ಆಗಬಾರದು.

ಆ 2.80 ಕೋಟಿಯನ್ನೇ ನೋಡಿ. ಅದು ಕೊಡಬೇಕಾದದ್ದು ಖಜಾನೆಯಿಂದ. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸರ ವಶದಲ್ಲಿದ್ದು ಸತ್ತ ಮಗನಿಗಾಗಿ ತಾಯಿಗೆ 1,50,000 ರೂಪಾಯಿ ಕೊಡುವಂತೆ ಸುಪ್ರೀಂ ಕೋರ್ಟ್ ಒರಿಸ್ಸಾ ಸರ್ಕಾರಕ್ಕೆ ಹೇಳಿತು. ದೊಡ್ಡ ತೀರ್ಪು, ಅಲ್ಲಿಂದಾಚೆಗೆ ಎಷ್ಟೋ ಮನೆಗಳಿಗೆ ಆಸರೆಯಾಯಿತು. ಆದರೆ ಸಿಲ್ಲೇದಾರನ ಕಣ್ಣಿನಿಂದ ನೋಡಿದರೆ ಏರ್ಪಾಡು ಹೀಗಿದೆ: ಕುದುರೆ ಸರ್ಕಾರದ್ದು, ಹುಲ್ಲು ಸರ್ಕಾರದ್ದು, ತುಳಿದದ್ದಕ್ಕೆ ದಂಡವೂ ಸರ್ಕಾರದ್ದು. ಸರ್ಕಾರದ್ದು ಎಂದರೆ ತುಳಿಸಿಕೊಂಡವನೂ ಸೇರಿ ನಮ್ಮೆಲ್ಲರದು. ಬೆಂಕಿಪೊಟ್ಟಣ ಕೊಂಡ ಸೋಲಿಗನ ತೆರಿಗೆಯೂ ಅದರಲ್ಲಿದೆ.

ಹಾಗಾಗಿ ಪರಿಹಾರದ ಒಂದು ಪಾಲು, ಸಣ್ಣದೇ ಇರಲಿ, ಮಾಡಿದವರ ಸಂಬಳದಿಂದ ಬರಬೇಕು, ಬರುತ್ತದೆಂಬುದು ಠಾಣೆಯಿಂದ ಹೊರಡುವ ಮೊದಲೇ ಅವರಿಗೆ ಗೊತ್ತಿರಬೇಕು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಜೈಲು ದೊಡ್ಡ ಮಾತು, ಅಪರೂಪಕ್ಕೆ ಆಗುವಂಥದ್ದು, ಹಾಗಾಗಿ ಅದು ಯಾರ ಕೈಯನ್ನೂ ಆ ಗಳಿಗೆಯಲ್ಲಿ ಹಿಡಿಯುವುದಿಲ್ಲ. ಕುದುರೆಯ ಕಾಲು ಹಿಡಿಯುತ್ತದೆ, ಏಕೆಂದರೆ ಅದು ಸಣ್ಣದು, ಖಚಿತವಾದದ್ದು, ತನ್ನದು. ಇದಕ್ಕೆ ಪೊಲೀಸರಿಂದ ಬರುವ ಉತ್ತರವೂ ಸುಲಭಕ್ಕೆ ತಳ್ಳಿಹಾಕುವಂಥದಲ್ಲ: ಹೀಗೆ ಮಾಡಿದರೆ ಯಾರೂ ಕಾಡಿಗೆ ಹೋಗುವುದಿಲ್ಲ, ಸಿಲ್ಲೇದಾರ ಯುದ್ಧದಲ್ಲಿ ಹಿಂದೆ ನಿಂತಂತೆ ಎಲ್ಲರೂ ಹಿಂದೆ ನಿಲ್ಲುತ್ತಾರೆ. ನಿಜ, ಕೆಲವರು ನಿಲ್ಲುತ್ತಾರೆ. ಮೊದಲ ಮಹಾಯುದ್ಧದಲ್ಲಿ ಕಡಲಾಚೆ ಸತ್ತ ಕುದುರೆಗಳಿಗೆ ಬದಲಿ ತರಲಾಗದೆ ಭಾರತೀಯ ಸೈನ್ಯದ ಸಿಲ್ಲೇದಾರಿ ಪದ್ಧತಿಯೇ ಮುರಿದುಬಿತ್ತು. ಅದು ಎಲ್ಲ ಕಡೆ ಸಲ್ಲುವ ಏರ್ಪಾಡಲ್ಲ. ಆದರೆ ಗಡಿಯ ಹಳ್ಳಿ ರಣರಂಗವೂ ಅಲ್ಲ. ಅಲ್ಲಿ ಹತ್ತು ಸಲ ಹಿಂಜರಿದು ಒಂದು ಸಲ ಕಳ್ಳ ತಪ್ಪಿಸಿಕೊಂಡರೆ, ಮುಂದಿನ ವಾರ ಸಿಗುತ್ತಾನೆ.

ನನ್ನನ್ನು ನಿಜವಾಗಿ ತಡೆಯುವುದು ಇನ್ನೊಂದು ಸಂಗತಿ. ಈ ದಂಡ ಬೀಳುವುದು ಯಾರ ಸಂಬಳದ ಮೇಲೆ? ಕಾಡಿನಲ್ಲಿ ನಡೆದವನು ಪೇದೆ. ಅವನನ್ನು ನಡೆಸಿದವನು ಜಿಲ್ಲಾ ಕೇಂದ್ರದಲ್ಲಿ, ಅವನನ್ನೂ ನಡೆಸಿದವನು ವಿಧಾನಸೌಧದಲ್ಲಿ. ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯಕ್ಕೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕೆನ್ನುವ ಕಲಮು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 197 ಆಗಿದ್ದದ್ದು ಹೊಸದರಲ್ಲಿ 218 ಆಗಿರುವುದು, ಮೂಲತಃ ಕಾಯುವುದು ಸರ್ಕಾರದ ಮಂಜೂರಾತಿಯಿಲ್ಲದೆ ಹುದ್ದೆಯಿಂದ ತೆಗೆಯಲಾಗದ ಮೇಲಿನವರನ್ನೇ. ಪೇದೆಗೆ ಆ ನೆರಳು ತಾನಾಗಿ ಸಿಗುವುದಿಲ್ಲ, ಸರ್ಕಾರ ಬೇರೆಯಾಗಿ ಕೊಟ್ಟರೆ ಉಂಟು. ಅವನು ಹುಟ್ಟಾ ಬಾರಗೀರ, ಇನ್ನೊಬ್ಬರ ಕುದುರೆಯ ಮೇಲೆ ಇನ್ನೊಬ್ಬರು ತೋರಿಸಿದ ಕಡೆ ಹೋಗುವವನು. ಅವನ ಮಗಳ ಶಾಲೆಯ ಫೀಸಿನಿಂದ ಸೋಲಿಗರ ಹುಡುಗಿಗೆ ಪರಿಹಾರ ಕೊಡಿಸಿ, ಆಜ್ಞೆಗೆ ಸಹಿ ಹಾಕಿದವರ ನಿವೃತ್ತಿ ವೇತನ ಪೂರ್ತಿಯಾಗಿ ಉಳಿದರೆ, ನಾವು ಮತ್ತೆ ಅಶ್ವಮೇಧಕ್ಕೇ ಬಂದಂತಾಯಿತು: ಹೋದದ್ದು ಕುದುರೆ, ಅರ್ಜುನ ಬರೀ ಹಿಂದೆ ಬಂದ.

ದಂಡ ಮೇಲಿನಿಂದ ಶುರುವಾಗಿ ಕೆಳಗೆ ಬರಬೇಕು, ಬರುವಾಗ ಕರಗುತ್ತಾ ಬರಬೇಕು. ಅಂಥ ನಿಯಮ ಬರೆಯಬೇಕಾದ ಕೈಗಳು ಮಾತ್ರ ಆ ಮೇಲಿನವರವೇ.